ಬೋಣಿಗೆ ಒಲ್ಲದ ಕೈ

ಮದುವೆಯ ಹಿಂದಿನ ದಿನ ಹೆಣ್ಣು ಊರು ಸುತ್ತುವುದುಂಟೆ ಎಂದು ನಮ್ಮ ಓಣಿಯ ಹೆಂಗಸರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಇಟ್ಟುಕೊಳ್ಳಲಿ, ಅವರದೇ ಮೂಗು, ಅವರದೇ ಬೆರಳು. ಮಿಯೆನ್‌ಳನ್ನು ಸಂಜೆಯವರೆಗೆ ಮನೆಯಿಂದ ಹೊರಗಿಡುವುದು ನನ್ನ ಪಾಲಿಗೆ ಬಂದ ಕೆಲಸ. ಯಾಕೆಂದರೆ ಮನೆಯ ಹಿಂದಿನ ಕೋಣೆಯಲ್ಲಿ ಅವಳ ಅಜ್ಜಿ, ಅಂದರೆ ನನ್ನ ಅತ್ತೆ, ಸಾಯುತ್ತಿದ್ದರು.

ಹುಡುಗಿಗೆ ಇದು ಗೊತ್ತಿರಲಿಲ್ಲ. ಅಜ್ಜಿಗೆ ನಿತ್ರಾಣ, ಡಾಕ್ಟರು ಇಂಜೆಕ್ಷನ್ ಕೊಟ್ಟಿದ್ದಾರೆ, ದಿನವೆಲ್ಲ ಮಲಗಬೇಕಂತೆ ಎಂದು ಹೇಳಿದ್ದೆವು. ಡಾಕ್ಟರು ನಿಜವಾಗಿ ಹೇಳಿದ್ದು ಬೇರೆ: ಇವತ್ತೋ ನಾಳೆಯೋ. ಮಿಯೆನ್‌ಗೆ ತಾಯಿ ಇಲ್ಲ. ಹಾಲು ಬಿಡಿಸಿದಾಗಿನಿಂದ ಅಜ್ಜಿಯ ಮಗ್ಗುಲಲ್ಲೇ ಮಲಗಿ ಬೆಳೆದವಳು. ಅವಳ ಕಣ್ಣೆದುರಿಗೆ ಆ ಜೀವ ಹೋದರೆ ಅವಳ ಕೂಗು ನದಿಯ ಆಚೆ ದಡಕ್ಕೆ ಕೇಳುತ್ತದೆ. ನಮ್ಮ ಹುಯೆ ಊರಿನಲ್ಲಿ ಮನೆಯೊಳಗಿಂದ ಅಳು ಹೊರಬಿತ್ತೆಂದರೆ ಸಾವು ಸಾರಿದ ಹಾಗೆ. ಹಣೆಗೆ ಬಿಳಿ ಪಟ್ಟಿ ಕಟ್ಟಲೇಬೇಕು, ಕಟ್ಟಿದ ಮೇಲೆ ವರ್ಷ ಕಳೆಯುವವರೆಗೆ ಆ ಮನೆಯಲ್ಲಿ ಮದುವೆ ಇಲ್ಲ. ವರ್ಷ ಕಳೆದ ಮೇಲಾದರೂ ಆಯಿತೇ ಎಂದರೆ, ಆಗ ಅವಳಿಗೆ ತುಂಬುವ ವಯಸ್ಸು ಮದುವೆಗೆ ಅಶುಭವೆಂದು ನಮ್ಮವರ ಲೆಕ್ಕ. ಅದರಾಚೆಯ ವರ್ಷದವರೆಗೆ ಗಂಡಿನ ಕಡೆಯವರು ಕಾದು ಕೂತಿರುತ್ತಾರೆಂದು ಯಾರು ಹೇಳಬೇಕು? ಹಿಂದೊಮ್ಮೆ ಒಂದು ಸಂಬಂಧ ಹೀಗೇ ಇಂದು ನಾಳೆ ಎಂದು ಎಳೆದು ಕೈಬಿಟ್ಟುಹೋಗಿತ್ತು.

ಅಳದೆ ಇದ್ದರೆ? ಸಾರದ ಸಾವು ಸಾವಲ್ಲ. ಹೆಣವನ್ನು ಪರದೆಯ ಹಿಂದೆ ಮಲಗಿಸಿ, ಪಡಸಾಲೆಯಲ್ಲಿ ಮದುವೆ ಮುಗಿಸಿ, ಆಮೇಲೆ ಎದೆ ಬಡಿದುಕೊಂಡವರು ನಮ್ಮಲ್ಲಿ ಎಷ್ಟೋ ಜನ. ನಾಳೆ ಬೆಳಿಗ್ಗೆ ಗಂಡು ಖಾಂಗ್ ವೀಳ್ಯದ ತಟ್ಟೆಗಳ ಜೊತೆ ಸೈಗಾನ್ ರೈಲಿನಿಂದ ಇಳಿಯುತ್ತಾನೆ. ಹಿರಿಯರ ಪೀಠದ ಮುಂದೆ ಇಬ್ಬರೂ ತಲೆಬಾಗಿದರೆ ಮುಗಿಯಿತು. ಅಲ್ಲಿಯವರೆಗೆ ಹೇಗಾದರೂ ದಾಟಿಸಬೇಕು. ಮಿಯೆನ್‌ಳ ಅಪ್ಪ, ಅಂದರೆ ನನ್ನ ಭಾವ, ಬೆಳಗಾಗುತ್ತಲೇ ನನ್ನನ್ನು ಅಡುಗೆಮನೆಗೆ ಕರೆದರು.

“ಸೆನ್, ಏನೇ ಆಗ್ಲಿ, ನಾಳೆ ತಟ್ಟೆ ಇಳಿಯೋವರೆಗೆ ಈ ಮನೇಲಿ ಯಾರೂ ಬಾಯ್ ಬಿಡಕೂಡ್ದು. ಹುಡುಗೀನ ಕರ್ಕೊಂಡ್ ಹೋಗು. ಬೀಗಿತ್ತೀನೂ ಕರ್ಕೊಂಡ್ ಹೋಗು. ಊರು ತೋರ್ಸು, ತಿನ್ಸು, ಏನ್ ಬೇಕೋ ಕೊಡ್ಸು. ಸಂಜೆಗೆ ಮುಂಚೆ ಈ ಕಡೆ ತಲೆ ಹಾಕ್ಬೇಡ.”

ಆಗಲಿ ಅಂದೆ. ಆ ಹುಡುಗಿಗೆ ಒಂದು ಮನೆ ಆಗಬೇಕು ಅನ್ನುವ ಆಸೆ ನನಗೇನು ಕಡಿಮೆಯೇ?

ಹೊರಡುವ ಮೊದಲು ಅತ್ತೆಯ ಕೋಣೆಗೆ ಹೋದೆ. ಕಣ್ಣು ಮುಚ್ಚಿಕೊಂಡೇ ಕೇಳಿದರು, “ಬಾನ್ ಬೆವ್ ಎಲ್ಲಿ ತಿನ್ನಿಸ್ತೀಯ ಆ ಬೀಗಿತ್ತಿಗೆ?”

“ಸೇತುವೆ ಪಕ್ಕದ ಅಂಗಡೀಲಿ.”

“ಥೂ. ಅಲ್ಲಿ ಹಿಟ್ಟು ದಪ್ಪ ಹುಯ್ತಾರೆ. ಕೋಟೆ ಹಿಂದಿನ ಅಂಗಡಿಗೆ ಹೋಗು. ಇಷ್ಟು ವರ್ಷ ಹೇಳ್ಕೊಟ್ರೂ ನಿನಗೆ ನಾಲಿಗೆ ರುಚಿ ಬರ್ಲೇ ಇಲ್ಲ.”

ಸಾಯುವ ಹೊತ್ತಿಗೂ ಸೊಸೆಯ ಹುಳುಕು ಎಣಿಸುವುದು ಬಿಡಲಿಲ್ಲವಲ್ಲ ಎಂದು ಸಿಟ್ಟು ಬಂತು. ಉತ್ತರ ಕೊಡದೆ ಹೊರಬಂದು ಸ್ಕೂಟರ್ ಹತ್ತಿದೆ.

ಬೀಗಿತ್ತಿ ಹೋಟೆಲಿನ ಬಾಗಿಲಲ್ಲಿ ತಯಾರಾಗಿ ನಿಂತಿದ್ದರು. ಊರು ನೋಡಬೇಕು ಎಂದು ಮಗನಿಗಿಂತ ಒಂದು ದಿನ ಮುಂಚೆಯೇ ಬಂದಿಳಿದಿದ್ದರು. ಊರನ್ನಲ್ಲ, ನಮ್ಮನ್ನು ನೋಡಲಿಕ್ಕೆ ಎಂದು ನನ್ನ ಅನುಮಾನ. ಸೈಗಾನಿನಲ್ಲಿ ಬಟ್ಟೆ ಅಂಗಡಿ ಇಟ್ಟವರು. ದಕ್ಷಿಣದವರು ಮಕ್ಕಳನ್ನು ಹುಟ್ಟಿದ ಸರದಿಯಿಂದ ಕರೆಯುತ್ತಾರಲ್ಲ, ಹಾಗೆ ಇವರನ್ನು ಅಲ್ಲಿಯ ಮಾರುಕಟ್ಟೆಯೆಲ್ಲ ಏಳನೆಯಕ್ಕ ಎನ್ನುತ್ತದಂತೆ. ನಾವೂ ಹಾಗೇ ಕರೆದೆವು. ಗಿಡ್ಡ ಆಳು, ಗಟ್ಟಿ ಕೈಕಾಲು, ಚೂಪು ಕಣ್ಣು. ಜಾತಕ ಸರಿಯಿಲ್ಲವೆಂದು ಈ ಮೊದಲು ಎರಡು ಹೆಣ್ಣುಗಳನ್ನು ತಿರುಗಿಸಿದವರು. ನಮ್ಮ ಹೊಸ್ತಿಲಲ್ಲಿ ಸಾವು ಕೂತಿದೆ ಎಂದು ತಿಳಿದರೆ ಸಂಜೆಯ ರೈಲಿಗೇ ಹಿಂತಿರುಗುತ್ತಾರೆ ಎಂದು ಭಾವನಿಗೆ ಹೆದರಿಕೆ. ನನಗೂ ಅದೇ ಹೆದರಿಕೆ.

ಅವರು ಮಿಯೆನ್‌ಳ ಬೈಕಿನ ಹಿಂದೆ ಕೂತರು, ನಾನು ನನ್ನ ಸ್ಕೂಟರಿನಲ್ಲಿ. ಮೊದಲು ನದಿಯ ನಡುಗಡ್ಡೆಗೆ ಹೋಗಿ ಚಿಪ್ಪುಮೀನಿನ ಅನ್ನ ತಿನ್ನಿಸಿದೆವು. ಏಳನೆಯಕ್ಕ ಎರಡು ತುತ್ತು ತಿಂದು ಕಣ್ಣಲ್ಲಿ ನೀರು ತಂದುಕೊಂಡರು.

“ನಿಮ್ಮೂರಲ್ಲಿ ಅನ್ನಕ್ಕೆ ಮೆಣಸಿನಕಾಯಿ ಹಾಕ್ತೀರೋ, ಮೆಣಸಿನಕಾಯಿಗೆ ಅನ್ನ ಹಾಕ್ತೀರೋ?”

“ನಿಮ್ಮೂರಲ್ಲಿ ಮೀನಿನ ಸಾರಿಗೂ ಸಕ್ಕರೆ ಸುರೀತೀರಂತಲ್ಲ, ಅದಕ್ಕಿಂತ ವಾಸಿ,” ಅಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಆದರೆ ಅವರು ಜೋರಾಗಿ ನಕ್ಕರು.

ಅಷ್ಟರಲ್ಲಿ ಜೇಬಿನಲ್ಲಿ ಫೋನ್ ಅಲುಗಿತು. ಕೈಯಲ್ಲಿದ್ದ ಚಮಚ ಬಟ್ಟಲಿಗೆ ಬಿತ್ತು. ನೋಡಿದರೆ ಮಾರುಕಟ್ಟೆಯಲ್ಲಿ ನನ್ನ ಪಕ್ಕದ ಅಂಗಡಿಯವಳು, ನನ್ನ ತಕ್ಕಡಿ ಬೇಕಂತೆ. ತಕ್ಕಡಿ ಅಲ್ಲ, ಅಂಗಡಿಯನ್ನೇ ತೆಗೆದುಕೋ ಮಹಾತಾಯಿ, ಫೋನ್ ಮಾತ್ರ ಮಾಡಬೇಡ ಎಂದೆ. ಮಿಯೆನ್ ನನ್ನನ್ನೇ ನೋಡುತ್ತಿದ್ದಳು.

“ಯಾಕ್ ಚಿಕ್ಕಮ್ಮ, ಬೆವರ್ತಿದೀರಾ?”

“ಖಾರ ಕಣೆ.”

“ನಿಮಗೆ? ಖಾರ?”

ಕೋಟೆ ಬಾಗಿಲ ಎದುರು ಟೋಪಿ ಮಾರುವ ಹೆಂಗಸು ಆಗಷ್ಟೇ ಗಂಟು ಬಿಚ್ಚುತ್ತಿದ್ದಳು. ಗರಿಯ ಮೊನಚು ಟೋಪಿಗಳು, ಬೆಳಕಿಗೆ ಹಿಡಿದರೆ ಒಳಪದರದಲ್ಲಿ ದೋಣಿ, ಸೇತುವೆ ಕಾಣುವಂಥವು. ಏಳನೆಯಕ್ಕ ಒಂದೊಂದನ್ನೂ ಎತ್ತಿ ತಿರುಗಿಸಿ, ಹೊಲಿಗೆ ಹಿಡಿದು ಎಳೆದು, ಅರ್ಧ ಬೆಲೆಗೆ ಕೇಳಿದರು. ಪಾಪ, ಅವಳು ಅರ್ಧಕ್ಕೂ ಒಪ್ಪಿದಳು. “ಆಮೇಲೆ ನೋಡೋಣ” ಎಂದು ಇವರು ಎದ್ದೇಬಿಟ್ಟರು. ದಿನದ ಮೊದಲ ಗಿರಾಕಿ! ಬೋಣಿಗೇ ಕಲ್ಲು ಹಾಕಿದರೆ ಯಾರು ಸುಮ್ಮನಿರುತ್ತಾರೆ? ಆ ಹೆಂಗಸು ಕಾಗದದ ಚೂರೊಂದಕ್ಕೆ ಬೆಂಕಿ ಹಚ್ಚಿ, ದರಿದ್ರ ತೊಲಗಲಿ ಎಂದು ನಮ್ಮ ಬೆನ್ನ ಹಿಂದೆಯೇ ಟೋಪಿಗಳಿಗೆ ನಿವಾಳಿಸಿದಳು. ಏಳನೆಯಕ್ಕ ತಿರುಗಿ ನೋಡಿಬಿಟ್ಟರು. ಮದುವೆಯ ಹಿಂದಿನ ದಿನ ಬೀಗಿತ್ತಿಗೆ ಇಂಥ ಅವಮಾನ!

“ಸರಿಯಾಗೇ ಸುಟ್ಟೆ ಬಿಡು ತಾಯಿ,” ಎಂದು ಅವರು ನಕ್ಕು ಹಿಂದೆ ಹೋದರು. “ನಮ್ಮಂಗಡೀಲಾಗಿದ್ರೆ ನಾನು ಕಾಗದ ಅಲ್ಲ, ಬಂದವರ ಚಪ್ಪಲೀನೇ ಸುಡ್ತಿದ್ದೆ. ಕೊಡು, ಎರಡು ಕೊಡು. ಬೋಣಿಗೆ ಮರ್ಯಾದೆ ಇರೋ ಊರೋ ಅಲ್ವೋ ನೋಡಿದೆ ಅಷ್ಟೆ.”

“ಬೋಣಿ ವಿಷಯ ನಮ್ಮ ಚಿಕ್ಕಮ್ಮನ್ನ ಕೇಳಿ ಅತ್ತೆ,” ಎಂದಳು ಮಿಯೆನ್, ಆಗಲೇ ಅವರನ್ನು ಬಾಯಿತುಂಬ ಅತ್ತೆ ಎಂದು ಕರೆಯುತ್ತ. “ಮಾರ್ಕೆಟ್ಟಲ್ಲಿ ಇವರ ಕೈಗುಣ ಅಂದ್ರೆ ಎಲ್ಲರಿಗೂ ನಂಬಿಕೆ. ಬೆಳಿಗ್ಗೆ ಇವರು ಬಂದು ಒಂದು ಸೂಜಿ ಕೊಂಡ್ರೂ ಸಾಕು, ಸಂಜೆವರೆಗೆ ಗಿರಾಕಿ ಕಡಿಯಲ್ಲ ಅಂತಾರೆ.”

ನಿಜ. ಡೊಂಗ್ ಬಾ ಮಾರುಕಟ್ಟೆಯಲ್ಲಿ ಒಣಸೀಗಡಿ ಮಾರುವವಳು ನಾನು. ಓದಿಲ್ಲ, ರೂಪ ಅಷ್ಟಕ್ಕಷ್ಟೆ, ಬಾಯಿ ಜೋರು. ದೇವರು ಕೊಟ್ಟದ್ದೆಂದರೆ ಇದೊಂದು ಕೈಗುಣ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇದೆ.

ಆಮೇಲೆ ತಿಯೆನ್ ಮು ದೇಗುಲ. ಮದುವೆಯಾಗಬೇಕಾದ ಜೋಡಿ ಅಲ್ಲಿಗೆ ಒಟ್ಟಿಗೆ ಹೋಗಬಾರದು, ಹೋದರೆ ಸಂಬಂಧ ಮುರಿಯುತ್ತದೆ ಎಂದು ನಮ್ಮ ಕಡೆ ಮಾತು. ಗಂಡು ಇಲ್ಲವಲ್ಲ, ಏನೂ ಆಗುವುದಿಲ್ಲ ಎಂದು ಧೈರ್ಯ ಮಾಡಿದ್ದೆ. ಗೋಪುರದ ಮೆಟ್ಟಿಲ ಮೇಲೆ ನಿಂತು ಏಳನೆಯಕ್ಕ ಮಗನಿಗೆ ವಿಡಿಯೊ ಕರೆ ಹಚ್ಚಿಬಿಟ್ಟರು. “ನೋಡೋ ಖಾಂಗ್, ನಿನ್ನ ಹುಡುಗಿ!” ಎಂದು ಫೋನನ್ನು ಮಿಯೆನ್‌ಳ ಕಡೆ ತಿರುಗಿಸಿದರು. ಫೋನಿನಲ್ಲಿ ಬಂದರೂ ಬಂದ ಲೆಕ್ಕವೇ? ಯಾವ ಭಿಕ್ಕುವನ್ನು ಕೇಳುವುದು? ನಾನು ಓಡಿಹೋಗಿ ಇಬ್ಬರ ನಡುವೆ ನಿಂತು ತೆರೆಗೆ ಅಂಗೈ ಅಡ್ಡ ಹಿಡಿದೆ.

“ಹೊರಗ್ ಹೋಗಿ ಮಾತಾಡೋಣ. ಬನ್ನಿ, ಇಲ್ಲಿ ಸಿಗ್ನಲ್ ಸರಿಯಿಲ್ಲ.”

“ನನಗೆ ಚೆನ್ನಾಗೇ ಕಾಣಿಸ್ತಿತ್ತು, ಈಗ ಯಾರದೋ ಅಂಗೈ ರೇಖೆ ಕಾಣಿಸ್ತಿದೆ,” ಎಂದಿತು ಫೋನಿನೊಳಗಿನ ಖಾಂಗ್‌ನ ದನಿ. ಮಿಯೆನ್ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ. ದೇವರೇ, ನಾಳೆಯವರೆಗೆ ಆ ಮುದುಕಿಯನ್ನು ಹಿಡಿದಿಡು ಎಂದು ಗೋಪುರದ ಕಡೆ ತಿರುಗಿ ಬೇಡಿಕೊಂಡೆ.

ಮಧ್ಯಾಹ್ನ ಕೋಟೆಯ ಹಿಂದಿನ ಅಂಗಡಿಗೇ ಹೋದೆವು. ಅತ್ತೆ ಹೇಳಿದ್ದಕ್ಕಲ್ಲ, ಸೇತುವೆ ಪಕ್ಕ ಜಾಗ ಸಿಗಲಿಲ್ಲ. ಬಾನ್ ಬೆವ್ ಬಂತು. ಅಂಗೈಯಗಲದ ಪುಟ್ಟ ಬಟ್ಟಲುಗಳಲ್ಲಿ ಹಬೆಯಲ್ಲಿ ಬೆಂದ ಅಕ್ಕಿಹಿಟ್ಟು, ಮೇಲೆ ಕೆಂಪಗೆ ಸೀಗಡಿ ಪುಡಿ. ಹಿಟ್ಟು ತೆಳ್ಳಗೆ, ಬಟ್ಟಲಿನ ನೀಲಿ ಹೂವು ಕಾಣುವಷ್ಟು ತೆಳ್ಳಗೆ ಇತ್ತು. ಮುದುಕಿ ಹೇಳಿದ್ದೇ ಸರಿ. ಬಿದಿರಿನ ಚಮಚದಿಂದ ಅಂಚು ಬಿಡಿಸುತ್ತಿದ್ದಾಗ ಫೋನ್ ಅಲುಗಿತು. ನನ್ನ ಗಂಡ.

“ಹೋದ್ಲು,” ಎಂದರು. ಒಂದು ಗಳಿಗೆ ಬಿಟ್ಟು, “ನಗ್ತಾ ಮಾತಾಡು. ಅವರು ನೋಡ್ತಿರ್ತಾರೆ.”

ನಕ್ಕೆ. “ಹ್ಞಾಂ ಹ್ಞಾಂ. ಹಿಟ್ಟು ತೆಳ್ಳಗೇ ಇದೆ ಅಂತ ಅತ್ತೆಗೆ ಹೇಳಿ,” ಎಂದೆ. ಯಾಕೆ ಹಾಗಂದೆನೋ ನನಗೇ ಗೊತ್ತಿಲ್ಲ. ಆ ಕಡೆ ಗಂಡ ಮೂಗು ಎಳೆದುಕೊಂಡ ಸದ್ದು ಕೇಳಿತು, ಆಮೇಲೆ ಏನೂ ಕೇಳಲಿಲ್ಲ.

“ಅಜ್ಜಿ ಎದ್ರಾ?” ಎಂದಳು ಮಿಯೆನ್.

“ಇಲ್ಲ. ಮಲಗಿದಾರೆ.”

“ಮಲಗ್ಲಿ ಪಾಪ. ಇನ್ನೊಂದು ಸುತ್ತು ತರ್ಸೋಣ ಚಿಕ್ಕಮ್ಮ, ನೀವು ತಿಂದೇ ಇಲ್ಲ.”

ಇನ್ನೊಂದು ಸುತ್ತು ಬಂತು. ತಿಂದೆ. ಮೂವತ್ತು ವರ್ಷ ನನ್ನ ಬೆನ್ನು ಬಿಡದೆ ಬೈದ ಹೆಂಗಸು. ನನ್ನ ಬಾಣಂತನದಲ್ಲಿ ತನ್ನ ಸೊಂಟ ಮುರಿದುಕೊಂಡು ನೀರು ಕಾಯಿಸಿದ ಹೆಂಗಸು. ಬೆಳಿಗ್ಗೆ ಅವರಿಗೆ ಒಂದು ಮಾತು ಮರುನುಡಿಯದೆ ಬಂದೆನಲ್ಲ! ಅಳು ಕಣ್ಣಿನ ಹಿಂದೆ ಬಂದು ಒತ್ತುತ್ತಿತ್ತು. ನಾನು ಹಸಿಮೆಣಸಿನಕಾಯಿ ಕಚ್ಚಿದೆ. ಕಣ್ಣೀರಿಗೆ ಒಂದು ಕಾರಣ ಬೇಕಲ್ಲ.

ಇನ್ನು ಸಂಜೆಯವರೆಗೆ ಎಳೆಯಬೇಕು. ಬೇರೆಲ್ಲಿಗೂ ಕರೆದೊಯ್ಯಲು ತಲೆ ಓಡದೆ ನನ್ನ ಮಾರುಕಟ್ಟೆಗೇ ಕರೆದುಕೊಂಡು ಬಂದೆ. ಅದೇ ನಾನು ಮಾಡಿದ ತಪ್ಪು. ಬೇರೆ ಕಡೆ ನಾನು ಯಾರೋ ಒಬ್ಬಳು, ಅಲ್ಲಿ ಎಲ್ಲರಿಗೂ ಸೆನ್.

ಹೊರಗೆ ಜಿಟಿಜಿಟಿ ಮಳೆ, ಒಳಗೆ ಜನ ಕಡಿಮೆ. ಎಳ್ಳಿನ ಮಿಠಾಯಿ ಅಂಗಡಿಯಲ್ಲಿ ಮಿಯೆನ್ ಪೊಟ್ಟಣಗಳನ್ನು ಒಂದೊಂದಾಗಿ ಅದುಮಿ ನೋಡಿದಳು.

“ಇದು ಗಟ್ಟಿ. ಮೆತ್ತಗಿರೋದು ಕೊಡಿ, ನಮ್ಮಜ್ಜಿಗೆ ಹಲ್ಲಿಲ್ಲ. ಚಿಕ್ಕಮ್ಮ, ಇದು ನೋಡಿ, ಇದನ್ನ ಅಜ್ಜಿ ಚೀಪ್ಕೊಂಡು ತಿನ್ಬೋದಲ್ವಾ?”

“ತಿನ್ಬೋದು,” ಅಂದೆ.

“ಎರಡು ತಗೊಳ್ಳಾ?”

“ಒಂದ್ ಸಾಕು.”

“ಯಾವಾಗ್ಲೂ ಜಿಪುಣಿ ನೀವು! ಎರಡು ಕೊಡಿ.”

ಅವಳ ಮುಖ ನೋಡಲಾರದೆ ಪಕ್ಕದ ಅಂಗಡಿಯ ಕಡೆ ತಿರುಗಿದೆ. ಅದು ಥೊಮ್‌ಳ ಶಾಲಿನ ಅಂಗಡಿ. ಥೊಮ್ ನನ್ನ ಹಳೆಯ ಗೆಳತಿ, ಗಂಡ ಹಾಸಿಗೆ ಹಿಡಿದವಳು, ಈ ಅಂಗಡಿಯಿಂದಲೇ ಮನೆ ನಡೆಯಬೇಕು. ಏಳನೆಯಕ್ಕ ಆಗಲೇ ಅಲ್ಲಿ ನಿಂತು ಶಾಲು ಬಿಡಿಸುತ್ತಿದ್ದರು.

“ಸೆನ್, ನಿಮ್ಮತ್ತೆಗೆ ಒಂದು ಶಾಲು ತಗೋತೀನಿ. ಚಳೀಲಿ ಹೊದ್ಕೊಳ್ಳಲಿ. ಯಾವ ಬಣ್ಣ ಇಷ್ಟ ಅವರಿಗೆ?”

“ಅಯ್ಯೋ ಯಾಕೆ ನಿಮಗೆ ತೊಂದ್ರೆ...”

“ಕಂದು!” ಎಂದಳು ಮಿಯೆನ್ ಹಿಂದಿನಿಂದ. “ಕಂದು ಬಣ್ಣ ಅಜ್ಜಿಗೆ.”

ಥೊಮ್ ನನ್ನನ್ನು ನೋಡಿದವಳೇ ಎರಡೂ ಕೈ ಮುಗಿದಳು. “ಬಂದ್ಯಾ ಮಾರಾಯ್ತಿ! ದೇವರು ಬಂದ ಹಾಗೆ ಬಂದೆ. ಬೆಳಿಗ್ಗೆಯಿಂದ ಬೋಣಿ ಆಗಿಲ್ಲ ಕಣೆ, ಈ ದರಿದ್ರ ಮಳೆ. ಮೊದಲು ನೀನೇ ಒಂದು ಮುಟ್ಟು. ನಿನ್ನ ಕೈಯಿಂದ ಕಾಸು ಕೊಡು, ಏನಾದ್ರೂ ಸರಿ, ಒಂದು ಕರ್ಚೀಫಾದ್ರೂ ಸರಿ. ಆಮೇಲೆ ಇವರಿಗೆ ಶಾಲು ಕೊಡ್ತೀನಿ.”

ಮನೆಯಲ್ಲಿ ಹೆಣ ಮಲಗಿದೆ. ನನ್ನ ಮೈಮೇಲೆ ಸೂತಕ ಇದೆ. ಈ ಕೈಯಿಂದ ಬೋಣಿ ಮಾಡಿದರೆ ಅವಳ ಅಂಗಡಿ ಏನಾಗಬೇಕು? ಬೆಳಿಗ್ಗೆಯಿಂದ ಮಿಯೆನ್‌ಗೆ ಸುಳ್ಳು ಹೇಳಿದ್ದೆ, ಬೀಗಿತ್ತಿಗೆ ಹೇಳಿದ್ದೆ, ನನ್ನ ಮುಖಕ್ಕೂ ಸುಳ್ಳು ಕಲಿಸಿದ್ದೆ. ಹಾಸಿಗೆ ಹಿಡಿದ ಗಂಡನಿಗೆ ಗಂಜಿ ಕಾಯಿಸುವ ಈ ಥೊಮ್‌ಳಿಗೆ ಮಾತ್ರ ಈ ಕೈಯಿಂದ ಸುಳ್ಳು ಹೇಳಿಸಲು ಮನಸ್ಸು ಬರಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

“ಇವತ್ತು ಬೇಡ ಥೊಮ್.”

“ಏನ್ ಬೇಡ? ಒಂದ್ ಕರ್ಚೀಫು ಕಣೆ!”

“ಬೇಡ ಅಂದ್ನಲ್ಲ. ಬೇರೆ ಯಾರ ಕೈಲಾದ್ರೂ ಮಾಡ್ಸು.”

ಥೊಮ್ ಮುಗಿದ ಕೈ ಇಳಿಸಿದಳು. ಅವಳಿಗೆ ಅರ್ಥವಾಯಿತು. ಮಾರುಕಟ್ಟೆಯ ಹೆಂಗಸು ಬೋಣಿಗೆ ಒಲ್ಲೆ ಎನ್ನುವುದು ಒಂದೇ ಕಾರಣಕ್ಕೆ. ಮಿಯೆನ್ ಮಕ್ಕಳಿಗೆ ಪಾಠ ಹೇಳುವವಳು, ಅವಳಿಗೆ ಇದೆಲ್ಲ ತಿಳಿಯದು. ಚಿಕ್ಕಮ್ಮನಿಗೆ ತಲೆನೋವು ಎಂದುಕೊಂಡಳು. ಆದರೆ ಏಳನೆಯಕ್ಕ ಕೈಯಲ್ಲಿದ್ದ ಶಾಲನ್ನು ಇಳಿಸಿ, ಕಟ್ಟಿದ ನನ್ನ ಕೈಗಳನ್ನು ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಪರ್ಸ್ ತೆಗೆದು, ಥೊಮ್ ಹೇಳಿದ ಬೆಲೆಯನ್ನು ಚೌಕಾಸಿ ಮಾಡದೆ ಕೊಟ್ಟರು.

“ಮಿಯೆನ್, ಬೈಕ್ ತಗೊಂಡು ನದಿ ಕಡೆ ಬಾಗಿಲಿಗೆ ಬಾಮ್ಮ. ನಾವು ಅಲ್ಲಿಗೆ ಬರ್ತೀವಿ,” ಎಂದರು. ಅವಳು ಹೋದಳು.

“ಯಾವಾಗ?”

“ಏನು ಯಾವಾಗ?”

“ಸೆನ್, ನಾನೂ ಅಂಗಡಿಯವಳು. ಯಾವಾಗ?”

“ಮಧ್ಯಾಹ್ನ,” ಅಂದೆ. “ಬಾನ್ ಬೆವ್ ತಿನ್ನುವಾಗ.”

ಮುಗಿಯಿತು, ಹುಡುಗಿಯ ಮದುವೆ ನನ್ನ ಕೈಯಾರೆ ಮುರಿಯಿತು ಎಂದುಕೊಂಡೆ. ಅವರ ಕಾಲಿಗೆ ಬೀಳಲೂ ತಯಾರಿದ್ದೆ. “ಅಕ್ಕ, ನಾಳೆ ಬೆಳಿಗ್ಗೆವರೆಗೆ ಅಷ್ಟೆ. ಓಣೀಲಿ ಯಾರಿಗೂ ಗೊತ್ತಿಲ್ಲ. ನಿಮಗೆ ಗೊತ್ತಿಲ್ಲ ಅಂದ್ಕೊಂಡುಬಿಡಿ. ತಟ್ಟೆ ಇಳಿಸಿಬಿಡಿ. ಮಿಯೆನ್ ಚಿನ್ನದಂಥ ಹುಡುಗಿ.”

“ಅವಳಿಗೆ ಗೊತ್ತಾ?”

“ಇಲ್ಲ.”

“ಇಲ್ಲ!” ಅವರ ದನಿ ಏರಿತು. “ಆ ಮಗು ಕೈಲಿ ಮಿಠಾಯಿ ಕೊಳ್ಳೋಕೆ ಬಿಟ್ಟು ನೋಡ್ತಾ ನಿಂತಿದ್ಯಲ್ಲ, ನಿನ್ನ ಎದೆ ಏನು ಕಲ್ಲೇನೆ?”

“ಕಲ್ಲೇ ಅಂತ ಇಟ್ಕೊಳ್ಳಿ! ನೀವು ರೈಲು ಹತ್ತಿ ಹೋಗಿಬಿಟ್ರೆ ಅವಳ ಗತಿ ಏನು? ಜಾತಕ ನೋಡಿ ಹೆಣ್ಣುಗಳನ್ನ ತಿರುಗಿಸೋರು ನೀವು!” ನನಗೂ ಸಿಟ್ಟು ನೆತ್ತಿಗೇರಿತ್ತು. ಥೊಮ್ ಪರದೆ ಎಳೆದುಕೊಂಡು ಅಂಗಡಿಯ ಒಳಕ್ಕೆ ಸರಿದಳು.

ಏಳನೆಯಕ್ಕ ಕೊಂಡ ಶಾಲನ್ನು ಮಡಿಸಿ ಕಂಕುಳಿಗೆ ಸೇರಿಸಿದರು. ಆಮೇಲೆ ತಗ್ಗಿದ ದನಿಯಲ್ಲಿ ಅಂದರು, “ನನ್ನ ದೊಡ್ಡ ಮಗಳ ಮದುವೇಲಿ ನಾನೂ ಹೀಗೇ ಪರದೆ ಎಳೆದಿದ್ದೆ. ಪರದೆ ಹಿಂದೆ ಅವಳಪ್ಪ. ಜ್ವರ, ಮಲಗಿದಾರೆ ಅಂದೆ. ಅವಳು ಈ ಕಡೆ ನಿಂತು ಫೋಟೋಗೆ ನಕ್ಕಳು. ಮದುವೆ ಸಾಂಗವಾಗಿ ಆಯ್ತು. ಇವತ್ತಿಗೂ ಹೊಸವರ್ಷದ ಟೆಟ್ ಹಬ್ಬಕ್ಕೆ ಅವಳು ನನ್ನ ಹೊಸ್ತಿಲು ತುಳಿಯಲ್ಲ. ಆ ಫೋಟೋಗಳನ್ನೆಲ್ಲ ಕತ್ತರಿಸಿ ನನಗೇ ಕಳಿಸಿದ್ಲು.”

ನಾನು ಬೆನ್ನ ಹಿಂದೆ ಕಟ್ಟಿದ ಕೈ ಬಿಟ್ಟೆ.

“ಅವಳಿಗೆ ಗೊತ್ತಿಲ್ದೆ ನಾನು ತಟ್ಟೆ ಇಳಿಸಲ್ಲ. ಈಗ್ಲೇ ಹೇಳು. ಗೊತ್ತಾದ ಮೇಲೆ ತಡ್ಕೊಂಡು ನಾಳೆ ಮದುವೆ ಆಗ್ತೀನಿ ಅಂದ್ರೆ ಆಗ್ಲಿ.”

“ಅಳ್ತೀನಿ ಅಂದ್ರೆ? ನೀವು ಕಾಯ್ತೀರಾ?”

“ಕಾಯೋದು ನಾನಲ್ಲ, ಖಾಂಗ್. ಅವನ ಪರವಾಗಿ ನಾನು ಮಾತು ಕೊಡಲ್ಲ,” ಎಂದು ಅವರು ನದಿಯ ಬಾಗಿಲ ಕಡೆ ನಡೆದರು.

ಮಿಯೆನ್ ಬೈಕಿನ ಮೇಲೆ ಕೂತು ಕಾಯುತ್ತಿದ್ದಳು, ಮಿಠಾಯಿಯ ಚೀಲ ಹಿಡಿಕೆಗೆ ತೂಗುಹಾಕಿ. ಹೇಗೆ ಹೇಳಿದೆನೋ ನೆನಪಿಲ್ಲ. ಹೇಳಿದೆ. ಅವಳು ಅಳಲಿಲ್ಲ. ನದಿಯನ್ನು ನೋಡಿದಳು. ಎಷ್ಟು ಹೊತ್ತಿಗೆ ಎಂದು ಕೇಳಿದಳು. ಹೇಳಿದೆ.

“ಅಂದ್ರೆ ಫೋನ್ ಬಂತಲ್ಲ, ಅದು.”

“ಹ್ಞೂಂ.”

“ನಾನು ಇನ್ನೊಂದು ಸುತ್ತು ತರ್ಸಿದೆ. ನೀವು ನನ್ನ ಜೊತೆ ಕೂತು ತಿಂದ್ರಿ.”

“ತಿಂದೆ.”

ಅವಳು ಬೈಕ್ ಚಾಲೂ ಮಾಡಿದಳು. ನನ್ನ ಕಡೆ ನೋಡಲಿಲ್ಲ. ಸೇತುವೆಯುದ್ದಕ್ಕೂ ನಾನು ಅವಳ ಹಿಂದೆ, ಮಳೆಯಲ್ಲಿ ಅವಳ ಬೆನ್ನನ್ನೇ ನೋಡುತ್ತ ಬಂದೆ. ಇದಕ್ಕಿಂತ ಅವಳು ನನ್ನ ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು.

ಮನೆಯ ಬಾಗಿಲಿಗೆ ಕೆಂಪು ಕಾಗದದ ಮದುವೆ ಅಲಂಕಾರ ಅಂಟಿಸಿದ್ದರು. ಬಾಗಿಲು ತೆಗೆದ ಭಾವ ಮಗಳ ಮುಖ ನೋಡಿದ ಕೂಡಲೇ ನನ್ನ ಮೇಲೆ ಹಲ್ಲು ಕಡಿದರು. “ನಿನಗೊಂದ್ ಕೆಲಸ ಹೇಳಿದ್ದೆ.”

“ಹೇಳ್ಸಿದ್ದು ನಾನು. ನನ್ನ ಕೇಳಿ,” ಎಂದು ಏಳನೆಯಕ್ಕ ಚಪ್ಪಲಿ ಬಿಟ್ಟು ಒಳಬಂದರು. ಭಾವ ಬಾಗಿಲಿನಿಂದ ಸರಿದು ನಿಂತರು.

ಮಿಯೆನ್ ಯಾರನ್ನೂ ನೋಡದೆ ನೆಟ್ಟಗೆ ಹಿಂದಿನ ಕೋಣೆಗೆ ಹೋದಳು. ಪರದೆ ಬಿತ್ತು. ನಾವೆಲ್ಲ ಪಡಸಾಲೆಯಲ್ಲಿ ನಿಂತೆವು: ಭಾವ, ನನ್ನ ಗಂಡ, ಏಳನೆಯಕ್ಕ, ನಾನು. ಪಕ್ಕದ ಮನೆಯಲ್ಲಿ ಯಾರೋ ಬೆಳ್ಳುಳ್ಳಿ ಒಗ್ಗರಣೆ ಹಾಕುತ್ತಿದ್ದರು. ಬಾಣಲೆಯ ಸದ್ದು ನಮಗೆ ಕೇಳುತ್ತದೆಂದರೆ ನಮ್ಮ ಸದ್ದು ಅವರಿಗೆ ಕೇಳದೇ? ಈಗ ಕೂಗುತ್ತಾಳೆ, ಈಗ ಕೂಗುತ್ತಾಳೆ ಎಂದು ಕಿವಿಯಾಗಿ ನಿಂತೆವು. ಭಾವ ಕಣ್ಣು ಮುಚ್ಚಿ ಏನೋ ಜಪಿಸುತ್ತಿದ್ದರು. ಅಳಬೇಡ ನನ್ನ ತಾಯಿ, ಒಂದು ರಾತ್ರಿ, ಒಂದೇ ರಾತ್ರಿ ಎಂದು ನಾನೂ ಮನಸ್ಸಿನಲ್ಲೇ ಬೇಡುತ್ತಿದ್ದೆ.

ಒಳಗಿನಿಂದ ಸದ್ದೇ ಬರಲಿಲ್ಲ.

ಪರದೆ ಸರಿಯಿತು. ಮಿಯೆನ್ ಹೊರಬಂದಳು. ಕಣ್ಣು ಒಣಗಿತ್ತು, ಕೆಳತುಟಿ ಕಚ್ಚಿ ಕಚ್ಚಿ ರಕ್ತ ಬಂದಿತ್ತು.

“ತಡ್ಕೋತೀನಿ ಅಪ್ಪ,” ಎಂದಳು. “ನನಗೆ ಖಾಂಗ್ ಬೇಕು. ನಾಳೆವರೆಗೆ ತಡ್ಕೋತೀನಿ.”

ಭಾವನ ಉಸಿರು ಸಡಿಲಾಯಿತು. ಎಲ್ಲ ಸರಿಹೋಯಿತು. ನಾನು ನೆಮ್ಮದಿಯಿಂದ, ಮುದುಕಿಯನ್ನು ಒಂದು ಸಲ ನೋಡೋಣವೆಂದು ಪರದೆ ಎತ್ತಿದೆ. ಅತ್ತೆಯ ಬಾಯಿ ತುಸು ತೆರೆದಿತ್ತು. ಇನ್ನೂ ಏನೋ ಬೈಯುವುದು ಬಾಕಿ ಇದ್ದ ಹಾಗಿತ್ತು.

“ಹಿಟ್ಟು ತೆಳ್ಳಗಿತ್ತು ಅತ್ತೆ,” ಅಂದೆ.

ಆಮೇಲೆ ಒಂದು ಕೂಗು ಕೇಳಿತು. ಮನೆ ಬಿರಿಯುವಂಥ ಕೂಗು. ಯಾರಪ್ಪಾ ಇದು, ಹುಡುಗಿಯ ಬಾಳು ಹಾಳು ಮಾಡುತ್ತಿದ್ದಾರಲ್ಲ, ಯಾರಾದರೂ ಬಾಯಿ ಮುಚ್ಚಿಸಬಾರದೇ ಎಂದುಕೊಂಡೆ. ನನ್ನ ಗಂಡ ಓಡಿಬಂದು ನನ್ನ ತೋಳು ಹಿಡಿದು ಅಲುಗಿಸಿದಾಗಲೇ ಗೊತ್ತಾದದ್ದು, ಕೂಗುತ್ತಿದ್ದವಳು ನಾನು. ನಿಲ್ಲಿಸಲಾಗಲಿಲ್ಲ. ಬೆಳಿಗ್ಗೆಯಿಂದ ನುಂಗಿದ್ದೆಲ್ಲ ಬಾಯಿಗೆ ಬಂದಿತ್ತು. ಪಕ್ಕದ ಮನೆಯ ಬಾಣಲೆ ಸದ್ದು ನಿಂತಿತು. ಓಣಿಯಲ್ಲಿ ಒಂದು ಬಾಗಿಲು ತೆರೆಯಿತು, ಇನ್ನೊಂದು ತೆರೆಯಿತು.

ಮಿಯೆನ್ ನನ್ನ ಬಾಯಿ ಮುಚ್ಚಲು ಕೈ ಚಾಚಿ ಬಂದಳು. ಅವಳ ಅಂಗೈ ನನ್ನ ತುಟಿ ಮುಟ್ಟಿದ್ದು ನೆನಪಿದೆ. “ಚಿಕ್ಕಮ್ಮ, ಸಾಕು, ಚಿಕ್ಕಮ್ಮ, ನಾಳೆ...” ಎಂದಳು. ಆ ಕೈ ಜಾರಿ ನನ್ನ ಕುತ್ತಿಗೆಗೆ ಬಿತ್ತು, ಅವಳೂ ಅಜ್ಜೀ ಎಂದು ಕೂಗಿದಳು. ಇಬ್ಬರೂ ಆ ಮಂಚದ ಪಕ್ಕ ಕುಸಿದೆವು. ಭಾವ ಬಾಗಿಲಿಗೆ ಹೋಗಿ ಕೆಂಪು ಕಾಗದಗಳನ್ನು ಒಂದೊಂದಾಗಿ ಕಿತ್ತರು.

ಓಣಿಯವರು ಒಳಗೆ ಬರತೊಡಗಿದ್ದರು. ಆ ಗದ್ದಲದಲ್ಲೂ ಪಡಸಾಲೆಯಲ್ಲಿ ಏಳನೆಯಕ್ಕ ಫೋನಿನಲ್ಲಿ ಮಾತಾಡುವುದು ನನಗೆ ಕೇಳಿಸುತ್ತಿತ್ತು. ಮಿಯೆನ್‌ಗೂ ಕೇಳಿಸುತ್ತಿತ್ತು. ಅವಳ ಉಗುರು ನನ್ನ ಭುಜದೊಳಗೆ ಇಳಿದಿತ್ತು.

“ತಟ್ಟೆ ಬೇಡ... ಬೇಡ ಅಂದ್ನಲ್ಲ, ಕೆಂಪು ಬಟ್ಟೆ ಎಲ್ಲ ಬಿಚ್ಚಿಡು. ರೈಲಿಂದ ಇಳಿದು ನೀನೊಬ್ಬನೇ ಮನೆಗೆ ಬಾ... ಎಷ್ಟು ವರ್ಷ ಅಂತ ನನಗೇನ್ ಗೊತ್ತು?... ಹ್ಞೂಂ, ಹಾಗಂತೀಯಾ? ಸರಿ, ಅದನ್ನ ನೀನೇ ಬಂದು ಅವಳಿಗೆ ಹೇಳು. ಇಲ್ಲಿ ಬಿಳಿ ಪಟ್ಟಿ ಹೊಲೀತಿದಾರೆ, ನಿನಗೂ ಒಂದು ಹೊಲಿಸಿಟ್ಟಿರ್ತೀನಿ... ಯಾಕೆ ಅಂದ್ರೆ? ಹೋಗಿದ್ದು ನಿನ್ನ ಹೆಂಡ್ತಿ ಅಜ್ಜಿ ಕಣೋ.”